ಪರವೂರ ಗಿರಣಿ

ನಮ್ಮ ಮನೆಯ ಹಂಚಿನ ಮೇಲೆ ಎಷ್ಟು ಊರಿನ ಹಿಟ್ಟು ಬೆಂದಿದೆಯೋ ನಾನು ಹೇಳಲಾರೆ. ಹೊಂಬಳದ ಗಿರಣಿಯ ಹಿಟ್ಟು ತಿಂದಿದ್ದೇನೆ, ಕೋಟುಮಚಗಿಯದ್ದು ತಿಂದಿದ್ದೇನೆ, ಶಿರಹಟ್ಟಿ ಕಡೆಯ ಹೆಸರು ಮರೆತ ಒಂದು ಹಳ್ಳಿಯ ತರಿತರಿ ಹಿಟ್ಟಿನ ರೊಟ್ಟಿಯನ್ನು ವಾರವಿಡೀ ಗೊಣಗುತ್ತ ತಿಂದಿದ್ದೇನೆ. ಲಕ್ಷ್ಮೇಶ್ವರದಲ್ಲಿ ಗಿರಣಿ ಇರಲಿಲ್ಲವೆಂದಲ್ಲ. ನಮ್ಮ ಮನೆಯಿಂದ ನಾಲ್ಕು ಮನೆ ದಾಟಿದರೆ ಗಿರಣಿ. ಅದರ ಬೆಲ್ಟಿನ ಪಟಪಟ ಸದ್ದು ನಮ್ಮ ದೇವರ ಮನೆಯವರೆಗೂ ಕೇಳುತ್ತಿತ್ತು. ಹಾಗಿದ್ದೂ ಎರಡು ಸೇರು ಜೋಳ ಗಂಟು ಕಟ್ಟಿಕೊಂಡು, ಬಸ್ಸು ಹತ್ತಿ, ಗುರುತು ಪರಿಚಯವಿಲ್ಲದ ಊರಿಗೆ ಹೋಗಿ ಬೀಸಿಕೊಂಡು ಬರುವ ಹೆಂಗಸೊಬ್ಬಳು ನಮ್ಮ ಮನೆಯಲ್ಲಿದ್ದಳು. ಅವಳು ನನ್ನ ಅಪ್ಪನ ಅಕ್ಕ, ಗಂಗತ್ತಿ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಪಡಸಾಲೆಯ ಮೂಲೆಯಲ್ಲಿ ಒಂದು ಟ್ರಂಕು, ಒಂದು ಕೌದಿ, ಅಷ್ಟೇ ಅವಳ ಸಂಸಾರ. ಅಂಥ ಹೆಂಗಸರನ್ನು ಬೇರೆ ಮನೆಗಳಲ್ಲಿ ಮೆಲ್ಲಗೆ ಹಿತ್ತಲಿಗೆ ಸರಿಸಿಬಿಡುತ್ತಿದ್ದರು. ಕಸ, ಮುಸುರೆ, ಬಾಣಂತಿಯರ ಬಟ್ಟೆ ಅವರ ಪಾಲಿಗೆ. ಗಂಗತ್ತಿಯನ್ನು ಸರಿಸಲು ಯಾರಿಗೂ ಆಗಲಿಲ್ಲ. ಅಪ್ಪ ಕಿರಾಣಿ ಅಂಗಡಿಯಿಂದ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲು ಅಕ್ಕನ ಮುಂದೆ ಕೂತು ನಾಲ್ಕು ಮಾತಾಡುತ್ತಿದ್ದ. ಅವ್ವ ತಂಬಿಗೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು.

ಗಂಗತ್ತಿಗೆ ಈ ಮರ್ಯಾದೆ ತಂದುಕೊಟ್ಟದ್ದು ಅವಳ ಬಾಯಿ. ಕಂಡರಿಯದವರನ್ನು ಮಾತಿಗೆಳೆಯುವುದರಲ್ಲಿ ಅವಳಂಥವರನ್ನು ನಾನು ಇಂದಿಗೂ ನೋಡಿಲ್ಲ. ನಮ್ಮ ಬಳಗದಲ್ಲಿ ಯಾರದೇ ಮನೆಯಲ್ಲಿ ಹೆಣ್ಣು ಕೊಡುವ, ತರುವ ಮಾತು ಬಂದರೂ ಗಂಡಸರು ಧೋತರ ಇಸ್ತ್ರಿ ಮಾಡಿಸಿಕೊಂಡು ಹೋಗಿ, ಉಪ್ಪಿಟ್ಟು ತಿಂದು, ಆ ಮನೆಯವರು ಹೇಳಿದ್ದನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು. ಅದು ತೋರಿಕೆಯ ಕೆಲಸ. ಖರೆ ವಿಚಾರಣೆ ನಡೆಯುತ್ತಿದ್ದುದು ಆಮೇಲೆ, ಗಂಗತ್ತಿಯ ಕೈಯಲ್ಲಿ. ಅವಳು ಆ ಮನೆಗೆ ಕಾಲಿಡುತ್ತಲೇ ಇರಲಿಲ್ಲ. ಆ ಊರಿನ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಳು. ಗುಡಿಯಲ್ಲಿ ಹೆಂಗಸರು ಒಳ್ಳೆಯವರಾಗಿರುತ್ತಾರೆ, ಬಾವಿಯ ಹತ್ತಿರ ಅವಸರದಲ್ಲಿರುತ್ತಾರೆ. ಗಿರಣಿಯಲ್ಲಿ ಮಾತ್ರ ಪಾಳಿ ಬರುವ ತನಕ ಕೂತಲ್ಲೇ ಕೂರಬೇಕು, ಯಂತ್ರದ ಸದ್ದಿಗೆ ಜೋರಾಗಿ ಮಾತಾಡಬೇಕು ಎಂದು ಅವಳ ವಿವರಣೆ. ಜೊತೆಗೆ ಒಂದು ಕೂಸು ಇದ್ದರೆ ಯಾರೂ ಸಂಶಯಪಡುವುದಿಲ್ಲ. ಆ ಕೂಸು ನಾನಾಗಿದ್ದೆ. ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಿದ್ದಳು. ಅವ್ವ ಒಂದೆರಡು ಸಲ ಬೇಡವೆಂದಳು. ಅಪ್ಪ ಅವಳ ಕಡೆಗೆ ನೋಡಲೂ ಇಲ್ಲ.

ಹೊಂಬಳಕ್ಕೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಗದಗಿನಲ್ಲಿ ಬಸ್ಸು ಬದಲಿಸಿ, ಹತ್ತಿಯ ಹೊಲಗಳ ನಡುವೆ ಧೂಳು ತಿನ್ನುತ್ತ ಮಧ್ಯಾಹ್ನಕ್ಕೆ ಮುಟ್ಟಿದೆವು. ಗಿರಣಿಯ ಮುಂದೆ ಏಳೆಂಟು ಹೆಂಗಸರು ಡಬ್ಬಿ, ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಗಂಗತ್ತಿ ತನ್ನ ಗಂಟನ್ನು ಎಲ್ಲರಿಗಿಂತ ಕೊನೆಗೆ ಇಟ್ಟು, ನಿಟ್ಟುಸಿರು ಬಿಟ್ಟು, ಸೆರಗಿನಿಂದ ಗಾಳಿ ಹಾಕಿಕೊಂಡಳು. ಮುಂದಿನ ಊರಿಗೆ ಬಾಣಂತಿಯನ್ನು ನೋಡಲು ಹೊರಟಿದ್ದಾಗಿಯೂ, ತಮ್ಮೂರಲ್ಲಿ ಎರಡು ದಿನದಿಂದ ಕರೆಂಟಿಲ್ಲದೆ ಜೋಳ ಹಾಗೇ ತಂದಿದ್ದಾಗಿಯೂ ಯಾರೂ ಕೇಳದೆ ಹೇಳಿದಳು. ಕರೆಂಟಿನ ಮಾತು ಬಂದ ಮೇಲೆ ಯಾರಾದರೂ ಸುಮ್ಮನಿರುತ್ತಾರೆಯೇ? ತಮ್ಮ ತಮ್ಮ ಊರಿನ ಕರೆಂಟನ್ನು ಎಲ್ಲರೂ ಬೈದರು. ಅಲ್ಲಿಂದ ಮಳೆ, ಮಳೆಯಿಂದ ಶೇಂಗಾ, ಶೇಂಗಾದಿಂದ ಆಳಿನ ಕೂಲಿ. ನಮಗೆ ಬೇಕಾದ ಮನೆಯ ಮಾತು ಬಂದದ್ದು ಅರ್ಧ ತಾಸಿನ ಮೇಲೆ, ಅದೂ ತಪ್ಪು ಮಾತಾಗಿ.

"ಗುಡಿ ಹಿಂದಿನ ದೊಡ್ಡ ಮನಿಯವರು ಭಾಳ ಶಾಂತ ಮಂದಿ ಅಂತ ಕೇಳೇನಿ, ಹೌದೇನ್ರಿ?"

ಒಬ್ಬಳು ಫಕ್ಕನೆ ನಕ್ಕಳು. ಇನ್ನೊಬ್ಬಳು ಅವಳನ್ನು ಚಿವುಟಿದಳು. ಮುಂದೆ ಗಂಗತ್ತಿ ಏನೂ ಕೇಳಬೇಕಾಗಲಿಲ್ಲ. ಆ ಮನೆಯ ಅತ್ತೆ ಸೊಸೆಗೆ ಸಾರಿನ ಗಡಿಗೆ ಎಸೆದದ್ದು, ನಡುವಿನ ಮಗ ಹುಬ್ಬಳ್ಳಿಯಲ್ಲಿ ಇನ್ನೊಂದು ಮನೆ ಮಾಡಿದ್ದು ಎಲ್ಲವೂ ತಾವಾಗಿ ಉದುರಿದವು. ತಪ್ಪು ಹೇಳಿದರೆ ತಿದ್ದದೆ ಬಿಡುವ ಮನುಷ್ಯರು ಕಡಿಮೆ, ಅದನ್ನು ಅವಳು ಕಂಡುಕೊಂಡಿದ್ದಳು. ನನ್ನ ಕೆಲಸ ಇನ್ನೊಂದಿತ್ತು. ನೀರಡಿಕೆ ಎಂದು ಆ ಮನೆಗೆ ಹೋಗಿ ನೀರು ಕೇಳಬೇಕು, ತಂಬಿಗೆ ತೊಳೆದು ಕೊಡುತ್ತಾರೋ ಹಾಗೇ ಕೊಡುತ್ತಾರೋ, ಕೊಡುವ ಸೊಸೆಯ ಮುಖ ಹೇಗಿದೆ, ನೋಡಿಕೊಂಡು ಬರಬೇಕು. ನಾನು ನೋಡಿಕೊಂಡು ಬಂದೆ. ಆ ಸೊಸೆ ನನ್ನ ಕೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟಿದ್ದಳು. ಆ ಬೆಲ್ಲ ತಿನ್ನುತ್ತಲೇ ಅವಳ ಕಣ್ಣಿನ ಕೆಳಗಿನ ಕಪ್ಪನ್ನು ಗಂಗತ್ತಿಗೆ ವರದಿ ಒಪ್ಪಿಸಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಪಾಠ ನಡೆಯುತ್ತಿತ್ತು. ಬಿಸಿ ಹಿಟ್ಟಿನ ಗಂಟು ನನ್ನ ತೊಡೆಯ ಮೇಲೆ.

"ಹೆಸರ ಮೊದಲ ಕೇಳಬ್ಯಾಡ ಕಮಲಿ. ಯಾವೂರಂತ ಕೇಳು, ಮಳಿ ಹೆಂಗಂತ ಕೇಳು. ನಿನಗ ಬೇಕಾದ್ದನ್ನ ಎಂದೂ ಕೇಳಬಾರದು, ಅದರ ಮಗ್ಗಲದ್ದು ಕೇಳಬೇಕು."

"ಅಷ್ಟಾದ್ರೂ ಬಾಯಿ ಬಿಡಲಿಲ್ಲಂದ್ರ?"

"ನಿಂದೊಂದು ದುಃಖ ಕೊಡು. ದುಃಖ ತಗೊಂಡವರು ಬರಿಗೈಲೆ ಕಳಸೂದಿಲ್ಲ. ತಮ್ಮದೊಂದು ಕೊಟ್ಟ ಕೊಡ್ತಾರ."

ಅವಳು ಕೊಡುತ್ತಿದ್ದ ದುಃಖಗಳೆಲ್ಲ ಸುಳ್ಳು. ತನ್ನ ನಿಜವಾದ ದುಃಖವನ್ನು ಅವಳು ಯಾವ ಗಿರಣಿಯಲ್ಲೂ ಬಿಚ್ಚಿದ್ದನ್ನು ನಾನು ಕೇಳಿಲ್ಲ. ಇಲ್ಲದ ಮಗನೊಬ್ಬ ಓಡಿಹೋಗಿದ್ದ, ಇಲ್ಲದ ಸೊಸೆ ಅನ್ನ ಹಾಕುತ್ತಿರಲಿಲ್ಲ. ಬಿಗಿ ಬಾಯಿಯವರು ಎದುರಾದರೆ ನನ್ನ ತಲೆ ಸವರಿ, ಈ ಕೂಸಿನ ತಾಯಿ ಹೋದ ವರ್ಷ ತೀರಿಕೊಂಡಳು ಎನ್ನುತ್ತಿದ್ದಳು. ಮೊದಲ ಸಲ ಅದನ್ನು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಆ ಹೊತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ಗೊತ್ತಿದ್ದೂ ಅತ್ತೆ. ಎದುರಿನ ಹೆಂಗಸು ತಾನೂ ಕಣ್ಣೊರೆಸಿಕೊಂಡು, ಹೇಳಬಾರದ್ದನ್ನೆಲ್ಲ ಹೇಳಿದಳು. ಬಸ್ಸಿನಲ್ಲಿ ಗಂಗತ್ತಿ ನನಗೆ ಮಂಡಕ್ಕಿ ಕೊಡಿಸಿ, ಭಾಳ ಚಲೋ ಅತ್ತಿ ಎಂದಳು. ಎರಡನೆಯ ಸಲ ನಾನು ಬೇಕೆಂದೇ ಅತ್ತೆ. ಹತ್ತು ವರ್ಷದ ಹುಡುಗಿಗೆ ಇದನ್ನು ಕಲಿಸಿದವಳನ್ನು ನಾನು ಕ್ಷಮಿಸಿಲ್ಲ, ಈ ವಯಸ್ಸಿನಲ್ಲಿ ಕ್ಷಮಿಸುವ ಮನಸ್ಸೂ ಇಲ್ಲ. ಆದರೆ ಆಗ ನನಗೆ ಅವಳಂತೆ ಆಗಬೇಕೆಂಬುದು ಬಿಟ್ಟು ಬೇರೆ ಆಸೆ ಇರಲಿಲ್ಲ. ಅವ್ವನಂತೆ ತಂಬಿಗೆ ಹಿಡಿದು ನಿಲ್ಲುವುದು ನನಗೆ ಬೇಡವಾಗಿತ್ತು.

ಊರವರ ಮನೆಯ ಹುಳುಕು ಹುಡುಕುವ ನಮ್ಮ ಮನೆಯಲ್ಲೂ ಮುಚ್ಚಿಡುವುದೊಂದಿತ್ತು. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಶಾಂತಕ್ಕನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಸಣ್ಣವಳಿದ್ದಾಗ ಕಿವಿ ಸೋರುತ್ತಿತ್ತಂತೆ; ಬೆಳ್ಳುಳ್ಳಿ ಎಣ್ಣೆ ಹಾಕಿ ಹಾಕಿ ಒಂದು ದಿನ ಸೋರುವುದೂ ನಿಂತಿತು, ಕೇಳುವುದೂ ನಿಂತಿತು. ಬಲಗಿವಿ ಚೊಕ್ಕಟವಾಗಿತ್ತು. ಬಲಗಡೆ ಕೂತು ಮಾತಾಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆಂದೇ ನಮ್ಮ ಪಡಸಾಲೆಯಲ್ಲಿ ಎಲ್ಲರಿಗೂ ಜಾಗ ಗೊತ್ತಾಗಿತ್ತು: ಶಾಂತಕ್ಕ ಎಡಗಡೆಯ ಗೋಡೆಗೆ ಹೊಂದಿ, ಬೀಗರು ಬಂದರೆ ಅವಳ ಬಲಕ್ಕೆ, ಊಟಕ್ಕೆ ಬಡಿಸುವಾಗ ಅವಳು ಬಾಗಿಲಿನ ಈ ಕಡೆಯಿಂದಲೇ ಬರಬೇಕು. ಹೆಣ್ಣು ನೋಡಲು ಬಂದವರ ಎದುರು ಚಾಪೆ ಹಾಸುವುದನ್ನು ಗಂಗತ್ತಿ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮುಂಡರಗಿಯ ಸಂಬಂಧ ಬಂದಾಗಲೂ ಹಾಗೆಯೇ ಚಾಪೆ ಬಿತ್ತು. ಹುಡುಗ ಹತ್ತಿ ಗಿರಣಿಯಲ್ಲಿ ಕಾರಕೂನ, ಬಿಳಿ ಅಂಗಿ, ಹೆಚ್ಚು ಮಾತಿಲ್ಲ. ಹುಡುಗಿ ಪಸಂದ ಇದ್ದಾಳೆ, ಎಂಟು ದಿನದಲ್ಲಿ ಖಬರ ಕೊಡುತ್ತೇವೆ ಎಂದು ಹೋದರು. ಅವತ್ತು ಮನೆಯಲ್ಲಿ ದೊಡ್ಡ ಜಗಳವಾಯಿತು. ಅವ್ವ ಆ ಒಂದು ಸಲ ಬಾಯಿ ತೆರೆದಳು.

"ಹೇಳಿಬಿಡೂಣು. ನಾಳೆ ಗೊತ್ತಾದ್ರ ಆಕೀನ ಅನುಭೋಗಸಾಕಿ."

"ಕೇಳಿದ್ರ ಹೇಳೂಣು. ಕೇಳದನ ಯಾಕ ಹೇಳ್ತಿ?" ಎಂದಳು ಗಂಗತ್ತಿ.

ಅಪ್ಪ ಅಕ್ಕನ ಮಾತೇ ಸರಿ ಎಂದ. ಅವ್ವ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯನ್ನು ನೆಲಕ್ಕೆ ಕುಕ್ಕಿದಳು. ಮೂವರೂ ಒಂದು ತಾಸು ಕಿತ್ತಾಡಿದರು. ಶಾಂತಕ್ಕ ಅಲ್ಲೇ ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

ಅದಾಗಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಅವ್ವ ನನ್ನ ತಲೆಯ ಮೇಲೆ ಜೋಳದ ಡಬ್ಬಿ ಹೊರಿಸಿ ನಮ್ಮ ಓಣಿಯ ಗಿರಣಿಗೆ ಕಳಿಸಿದಳು. ಪಾಳಿ ಉದ್ದವಿತ್ತು. ನನ್ನ ಹಿಂದೆ ಒಬ್ಬ ಹೆಂಗಸು ಬಂದು ಕೂತಳು. ನಡುವಯಸ್ಸು, ಇಳಕಲ್ ಸೀರೆ, ಕಾಲಿಗೆ ಬಸ್ಸಿನ ಧೂಳು, ಕೈಯಲ್ಲಿ ಎರಡು ಸೇರಿನ ಗಂಟು. ಆ ಗಂಟು ನೋಡಿದ ಕೂಡಲೇ ನಾನು ಅವಳ ಕಡೆ ತಿರುಗಿ ಕೂತೆ. ಸಂಸಾರಸ್ಥರು ಯಾರೂ ಎರಡು ಸೇರು ಬೀಸಲು ಬರುವುದಿಲ್ಲ. ಇವಳು ನಮ್ಮ ಗಂಗತ್ತಿಯ ಹಾಗೆ ವಿಚಾರಣೆಗೆ ಬಂದವಳು, ಈ ಓಣಿಯ ಯಾರದೋ ಮನೆಗೆ ಗಂಟು ಬಿದ್ದವಳು ಎಂದು ನಾನು ಹಿಡಿದುಬಿಟ್ಟೆ. ಎಷ್ಟು ಹೆಮ್ಮೆಯಾಯಿತೆಂದರೆ, ಆ ಯಾರದೋ ಮನೆ ನಮ್ಮದೇ ಇರಬಹುದೆಂಬ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ. ನಾವು ಬೇರೆಯವರನ್ನು ನೋಡುವವರು. ನಮ್ಮನ್ನು ನೋಡಲು ಯಾರಾದರೂ ಬರುತ್ತಾರೆಂಬುದು ನನ್ನ ತಲೆಯಲ್ಲೇ ಇರಲಿಲ್ಲ. ಇವಳು ಯಾರ ಮನೆಗೆ ಬಂದಿದ್ದಾಳೆಂದು ಇವಳ ಬಾಯಿಂದಲೇ ಹೊರಡಿಸಿ, ಹಿಟ್ಟಿನ ಜೊತೆಗೆ ಗಂಗತ್ತಿಯ ಮುಂದೆ ಇಡಬೇಕೆಂದು ನಿಶ್ಚಯಿಸಿದೆ. ಯಾವೂರೆಂದು ಕೇಳಿದೆ. ಇಲ್ಲೇ ಮಗ್ಗುಲ ಹಳ್ಳಿ ಎಂದಳು. ಮಳೆ ಕೇಳಿದೆ. ಪರವಾಗಿಲ್ಲ ಎಂದಳು. ಕರೆಂಟು ಬೈದೆ, ಅವಳು ನಕ್ಕು, ನೀನು ಯಾರ ಮಗಳು ಎಂದಳು. ಕಿರಾಣಿ ಅಂಗಡಿಯವರ ಮಗಳೆಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇನ್ನು ಉಳಿದದ್ದು ದುಃಖ ಕೊಡುವುದು. ಗಂಗತ್ತಿಯಂತೆ ಅವ್ವನನ್ನು ಸಾಯಿಸೋಣವೆಂದು ಬಾಯಿ ತೆರೆದೆ. ಪಕ್ಕದಲ್ಲಿ ಗಂಗತ್ತಿ ಇಲ್ಲದೆ, ನಾನೊಬ್ಬಳೇ ಆ ಮಾತನ್ನು ಆಡಲು ಹೆದರಿಕೆಯಾಯಿತು. ಬೇರೆ ಸುಳ್ಳು ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಖರೆ ದುಃಖ.

"ನಮ್ಮ ಅಕ್ಕಗ ಎಡಗಿವಿ ಕೇಳೂದಿಲ್ರಿ. ಮಂದಿಗೆ ಗೊತ್ತಾದ್ರ ಮದುವಿ ಆಗೂದಿಲ್ಲಂತ ನಮ್ಮತ್ತಿ ಯಾರ ಮುಂದೂ ಹೇಳಗೊಡೂದಿಲ್ಲ."

ಅವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು.

"ನಮ್ಮ ಮನ್ಯಾಗೂ ಒಬ್ಬಾಕಿ ಹಂಗ ಅದಾಳ ತಂಗಿ. ನನ್ನ ಖಾಸ ತಂಗಿ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಕೊಟ್ಟ ದುಃಖಕ್ಕೆ ದುಃಖ ಬಂದಿತ್ತು, ಅದೂ ನಾನು ಒಬ್ಬಳೇ ಮಾಡಿದ ಮೊದಲ ಕೆಲಸದಲ್ಲಿ. ಮುಂದಿನದನ್ನು ಹೊರಡಿಸುವಷ್ಟರಲ್ಲಿ ಅವಳು ನನ್ನ ಗಲ್ಲ ಮುಟ್ಟಿ ಎದ್ದುಬಿಟ್ಟಳು. ಗಂಟು ಬೀಸದೆಯೇ ಹೋದಳು. ನನ್ನ ಪಾಳಿ ಬರಲು ಇನ್ನೂ ಒಂದು ತಾಸು ಹಿಡಿಯಿತು. ಮನೆ ಮುಟ್ಟುವ ಹೊತ್ತಿಗೆ ಅರ್ಧ ಕೆಲಸ ಮಾಡಿದ್ದನ್ನು ಏನೆಂದು ಹೇಳುವುದೆಂದು ನಾನು ಸುಮ್ಮನಾದೆ. ಗಂಗತ್ತಿ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಸಮಾಧಾನದಲ್ಲಿ ಕೂತಿದ್ದಳು.

ಎಂಟು ದಿನಕ್ಕೆ ಮುಂಡರಗಿಯಿಂದ ಖಬರ ಬಂತು, ಜಾತಕ ಕೂಡಲಿಲ್ಲವೆಂದು. ಜಾತಕ ನೋಡುವುದು ಬೇಡವೆಂದು ಮೊದಲೇ ಹೇಳಿದವರು ಅವರೇ. ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗಂಗತ್ತಿ, ಕಿವಿಯ ಮಾತು ಯಾರ ಬಾಯಿಂದ ಹೋಯಿತೆಂದು ಕೇಳಿದಳು. ಗಿರಣಿಯ ಹೆಂಗಸು ಮುಂಡರಗಿಯವರ ಕಡೆಯವಳೆಂದು ನನಗೆ ಆಗ ಒಮ್ಮೆಲೇ ಹೊಳೆಯಿತು. ಗಿರಣಿಯದ್ದನ್ನೆಲ್ಲ ಹೇಳಿದೆ. ಇಳಕಲ್ ಸೀರೆ ಎಂದಾಗ ಗಂಗತ್ತಿ ಬಾಯಿಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಅದನ್ನು ಸಿಟ್ಟು ಎಂದುಕೊಂಡೆ. ಅಪ್ಪ ಹೊಡೆಯಲು ಎದ್ದ. ಅವಳು ತಡೆದಳು.

"ಹೊಡದ್ರ ಏನು ಬಂತು? ಈಕಿ ನಾಲಗಿ ಅಕ್ಕನ ಬಾಳೇ ತಿಂದು ಕುಂತೈತಿ."

ಆ ಮಾತು ನಮ್ಮ ಮನೆಯಲ್ಲಿ ಅಲ್ಲಿಂದ ಮುಂದೆ ಎಷ್ಟು ಸಲ ತಿರುಗಿತೋ. ನಾನು ಉಪ್ಪು ಹೆಚ್ಚು ಹಾಕಿದರೂ ಅದು, ತಂಬಿಗೆ ಬೀಳಿಸಿದರೂ ಅದು. ಗಂಗತ್ತಿ ನನ್ನನ್ನು ಮತ್ತೆ ಯಾವ ಊರಿಗೂ ಕರೆದುಕೊಂಡು ಹೋಗಲಿಲ್ಲ; ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋಗತೊಡಗಿದಳು. ಸುದ್ದಿ ಬಳಗದಲ್ಲಿ ಹರಡಿ ಶಾಂತಕ್ಕನಿಗೆ ನಾಲ್ಕು ವರ್ಷ ಯಾವ ಸಂಬಂಧವೂ ಬರಲಿಲ್ಲ. ಐದನೆಯ ವರ್ಷ ಶಿರಹಟ್ಟಿ ಕಡೆಯ ಒಬ್ಬ ಹೆಂಡತಿ ಸತ್ತವನಿಗೆ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ ಕೊಟ್ಟರು. ಅವನಿಗೆ ಕಿವಿಯ ಮಾತು ಹೇಳಿಯೇ ಕೊಟ್ಟರು, ಈಗ ಹೇಳಲು ಯಾರದೂ ಅಡ್ಡಿ ಇರಲಿಲ್ಲ. ಕರೆದದ್ದು ಕೇಳಿಸದಿದ್ದರೆ ಅವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದನೆಂದು ಅವಳ ಹಣೆಯ ಮೇಲಿನ ಗುರುತು ನೋಡಿ ತಿಳಿದುಕೊಂಡೆವು. ಅವನು ಸತ್ತ ಮೇಲೆ ಅವನ ಮಕ್ಕಳು ಅವಳನ್ನು ಒಂದು ಟ್ರಂಕಿನ ಜೊತೆ ಬಸ್ಸು ಹತ್ತಿಸಿದರು. ಅಷ್ಟೊತ್ತಿಗೆ ನಾನು ನರ್ಸ್ ಆಗಿ, ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ, ಬೆಟಗೇರಿಯಲ್ಲಿ ಮನೆ ಮಾಡಿದ್ದೆ. ಹೆಂಗಸರು ಡಾಕ್ಟರ ಮುಂದೆ ಹೇಳದ್ದನ್ನು ನನ್ನ ಮುಂದೆ ಹೇಳುತ್ತಿದ್ದರು. ಕಮಲಾ ಸಿಸ್ಟರ್ ಎಷ್ಟು ಚಲೋ ಮಾತಾಡಿಸುತ್ತಾರೆ ಎಂದು ಹೊಗಳುತ್ತಿದ್ದರು. ಮಳೆ ಕೇಳಿ, ಕರೆಂಟು ಬೈದು, ಆಮೇಲೆ ಮುಟ್ಟಿನ ಮಾತಿಗೆ ಬರುವುದು ನನಗೆ ಯಾರು ಕಲಿಸಿದ್ದೆಂದು ಅವರಿಗೇನು ಗೊತ್ತು? ನನ್ನ ಅನ್ನ ಆ ವಿದ್ಯೆಯಿಂದಲೇ ಬಂತು. ಹೊಗಳಿಕೆ ಮುಗಿಯುವ ಮೊದಲೇ ನಾನು ಮುಂದಿನ ಮನೆಗೆ ಎದ್ದುಬಿಡುತ್ತಿದ್ದೆ.

ಶಾಂತಕ್ಕ ನನ್ನ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಅವಳಿಗೆ ಬೇಕಾದ್ದೆಲ್ಲ ಮಾಡಿದೆ, ಪಾಪ ತೊಳೆದುಕೊಳ್ಳುವವರ ಹಾಗೆ ಮಾಡಿದೆ. ಆದರೆ ಗಿರಣಿಯ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಹೋದ ವರ್ಷ ಅವಳ ಬಲಗಿವಿಯೂ ಮಂದವಾಗತೊಡಗಿ ಗದಗಿನ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಬಲಗಿವಿಗೆ ಒಂದು ಸಣ್ಣ ಮಶೀನು ಹಾಕಿ, ಎಡಗಿವಿ ಯಾವಾಗಿನಿಂದ ಹೀಗಿದೆ ಎಂದರು. ಸಣ್ಣಾಕಿದ್ದಾಗಿಂದರಿ, ಎಂದು ಅವಳು ಯಾವ ಅಳುಕೂ ಇಲ್ಲದೆ ಹೇಳಿದಳು. ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. ಅವತ್ತು ಗಿರಣಿಯಲ್ಲಿ ನಾನು ಬಾಯಿ ಬಿಡದಿದ್ದರೆ ನೀನು ಮುಂಡರಗಿಯಲ್ಲಿ ಸುಖವಾಗಿರುತ್ತಿದ್ದೆ, ನಿನ್ನ ಬಾಳನ್ನು ನಾನೇ ಹಾಳು ಮಾಡಿದೆ ಎಂದು ಹೇಳಿ ಅತ್ತೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನೀ ಹೇಳಿದ್ದಕ್ಕಲ್ಲ ಅದು ಮುರದದ್ದು. ಆಕಿ ಗಿರಣಿಯಿಂದ ಸೀದಾ ನಮ್ಮ ಮನೀಗೆ ಬಂದಿದ್ಲು. ನೀರ ಕೇಳಾಕ."

ನಾನು ಪಾಳಿಯಲ್ಲಿ ಕೂತಿದ್ದ ಆ ಒಂದು ತಾಸಿನಲ್ಲಿ ನಡೆದದ್ದನ್ನು ಅವಳು ಹೇಳಿದಳು. ಅವ್ವ ಹಿತ್ತಲಲ್ಲಿ, ಅಪ್ಪ ಅಂಗಡಿಯಲ್ಲಿ, ಗಂಗತ್ತಿ ಕಟ್ಟೆಯ ಮೇಲೆ, ಶಾಂತಕ್ಕ ಬಾಗಿಲ ಹಿಂದೆ. ಗಂಗತ್ತಿಯೂ ಬಂದವಳೂ ಊರು, ಮಳೆ ಎಲ್ಲ ಮುಗಿಸಿದ ಮೇಲೆ ಆ ಹೆಂಗಸು, ತನ್ನ ತಂಗಿಗೂ ಒಂದು ಕಿವಿ ಕೇಳುವುದಿಲ್ಲ, ಹತ್ತು ಜನರ ಮನೆ ನಡೆಸುತ್ತಾಳೆ, ಅದೇನು ದೊಡ್ಡ ಮಾತಲ್ಲ ಎಂದಳಂತೆ. ಗಂಗತ್ತಿ ನಕ್ಕಳಂತೆ. ದುಃಖ ಕೊಟ್ಟು ದುಃಖ ತೆಗೆಯಲು ಬಂದಿದ್ದಾಳೆ, ತನ್ನ ಹತ್ತಿರವೇ ತನ್ನ ಆಟ ಆಡುತ್ತಿದ್ದಾಳೆ ಎಂದುಕೊಂಡಿರಬೇಕು. ನಮ್ಮ ಹುಡುಗಿ ಹಿತ್ತಲಲ್ಲಿ ಸೂಜಿ ಬಿದ್ದರೂ ಕೇಳುತ್ತಾಳೆ ಎಂದು ದೇವರ ಆಣೆ ಮಾಡಿ ಹೇಳಿದಳಂತೆ. ತನ್ನ ತಂಗಿಯ ಮಾತನ್ನು ಆ ಹೆಂಗಸು ಗಿರಣಿಯಲ್ಲಿ ನನಗೆ ಹೇಳಿದಾಗ ಅವಳಿಗೆ ನನ್ನಿಂದ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ. ಅವಳ ತಂಗಿ ನಿಜವಾಗಿಯೂ ಇದ್ದಳು. ಎಲ್ಲ ತಿಳಿದ ಮೇಲೂ ಅವಳು ಸಂಬಂಧ ಮುರಿಯಲು ಅಲ್ಲ, ನಾವು ಖರೆ ಹೇಳುತ್ತೇವೋ ಇಲ್ಲವೋ ನೋಡಲು ನಮ್ಮ ಮನೆಗೆ ಬಂದಿದ್ದಳು. ಗಂಗತ್ತಿಗೆ ಅದು ಅರ್ಥವಾದದ್ದು ನಾನು ಇಳಕಲ್ ಸೀರೆ ಎಂದಾಗ. ಅರ್ಥವಾದ ಮೇಲೂ ಅವಳು ನನ್ನ ನಾಲಗೆಯನ್ನು ತೋರಿಸಿದಳು, ಸಾಯುವ ತನಕ ತೋರಿಸುತ್ತಲೇ ಇದ್ದಳು.

"ನೀರ ತಂದು ಕೊಟ್ನಿ," ಎಂದಳು ಶಾಂತಕ್ಕ. "ಆಕಿ ಎದ್ದು, ಸುತ್ತ ಹಾಕಿ ನನ್ನ ಬಲಕ್ಕ ಬಂದು ನಿಂತು, ಹೆಸರೇನು ತಂಗಿ ಅಂತ ಕೇಳಿದ್ಲು. ಅಷ್ಟ."

"ಇಷ್ಟ ವರ್ಷ ಯಾಕ ಹೇಳಲಿಲ್ಲ ಅಕ್ಕಾ? ನನಗರ ಒಂದು ಮಾತು ಹೇಳಬಾರದಿತ್ತಾ?"

"ಯಾರು ಕೇಳಿದ್ರು ನನ್ನ?"

ಸಿಟ್ಟಿನಿಂದ ಹೇಳಿದ್ದಲ್ಲ. ಮುರಿದ ರೊಟ್ಟಿಯನ್ನು ಪಲ್ಯಕ್ಕೆ ಅದ್ದುತ್ತ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಮುಂಡರಗಿಯ ಹುಡುಗನ ಮನೆಗೆ ಹೋಗಲು ನಿನಗೆ ಮನಸ್ಸಿತ್ತೇ ಎಂದು ಅವಳನ್ನು ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ಸಾವಿರಾರು ಹೆಂಗಸರ ಹೊಟ್ಟೆಯೊಳಗಿನದ್ದನ್ನು ಕೇಳಿ ಬರೆದುಕೊಂಡ ನಾನು, ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು ಕೇಳಿರಲಿಲ್ಲ. ಅವತ್ತಾದರೂ ಕೇಳಬೇಕಿತ್ತು. ಅವಳು ಕೈ ತಡೆದು, ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಸಾರು ಆರಿದೆ, ಬಿಸಿ ಮಾಡಿ ತರುತ್ತೇನೆ ಎಂದು ನಾನು ಎದ್ದು ಒಳಗೆ ಹೋದೆ.